ನೀರೊಳಗೆ ಅರಳುವ ಗರಿ

ವೆಟ್ ಫ್ಲೈ ಎಂದರೆ ರೇಷ್ಮೆ ಎಳೆ, ಉಣ್ಣೆ, ಕೋಳಿಗರಿಗಳನ್ನು ಪುಟ್ಟ ಗಾಳಕ್ಕೆ ಸುತ್ತಿ ಮಾಡಿದ ಹುಳುವಿನ ಸೋಗು. ಇದು ನೀರಿನ ಮೇಲೆ ತೇಲುವುದಿಲ್ಲ. ಒಂದು ಗೇಣಿನಿಂದ ಒಂದು ಮೊಳದಷ್ಟು ಆಳದಲ್ಲಿ ಹರಿವಿನ ಜೊತೆ ಸಾಗುತ್ತದೆ. ಎರೆಹುಳುವಿನ ವಾಸನೆಯಾಗಲಿ, ಹಿಟ್ಟಿನ ಉಂಡೆಯ ರುಚಿಯಾಗಲಿ ಇದಕ್ಕಿಲ್ಲ. ಬಾಯಿಗೆ ಬಂದ ಕ್ಷಣದಲ್ಲೇ ಮೀನಿಗೆ ಮೋಸ ಗೊತ್ತಾಗಿ ಉಗುಳಿಬಿಡುತ್ತದೆ. ಆದ್ದರಿಂದ ಫ್ಲೈ ನಂಬಿಸಬೇಕಾದುದು ಚಲನೆಯಿಂದ ಮಾತ್ರ. ಮೆದುವಾದ ಗರಿಯ ಎಳೆಗಳು ನೀರಿನ ಸೆಳೆತಕ್ಕೆ ಮುಚ್ಚಿ ಬಿಚ್ಚಿದಾಗ ಸತ್ತ ವಸ್ತುವಿಗೆ ಜೀವ ಬಂದಂತೆ ಕಾಣುತ್ತದೆ. ಕಟ್ಟುವ ಕೈ ಅರ್ಧ ಕೆಲಸ ಮಾಡುತ್ತದೆ, ಉಳಿದರ್ಧವನ್ನು ನೀರು ಮಾಡುತ್ತದೆ. ಈ ಕಲೆಯ ಎಲ್ಲ ನಿಯಮಗಳೂ ಇದೊಂದು ಮಾತಿನಿಂದ ಹುಟ್ಟುತ್ತವೆ.

ಟ್ರೌಟ್ ತಂಪು ನೀರಿನ ಮೀನು. ಹೈದರಾಬಾದಿನ ಸುತ್ತಮುತ್ತ ಅದು ಇಲ್ಲ, ಇರಲು ಸಾಧ್ಯವೂ ಇಲ್ಲ. ಆದರೆ ಅದಕ್ಕೆ ಬೇಕಾದ ಫ್ಲೈ ಕಟ್ಟುವ ಸಾಮಗ್ರಿಯ ಬಹುಭಾಗ ಚಾರ್‌ಮಿನಾರ್ ಸುತ್ತಲಿನ ಅಂಗಡಿಗಳಲ್ಲೇ ಸಿಗುತ್ತದೆ. ಎಸೆತದ ಅಭ್ಯಾಸಕ್ಕೆ ಮೈದಾನಗಳಿವೆ, ಮೀನಿನ ಅಭ್ಯಾಸಕ್ಕೆ ಕೆರೆಗಳಿವೆ. ಟ್ರೌಟ್ ಇರುವ ನೀಲಗಿರಿಯ ತೊರೆಗೆ ಹೋಗುವ ಮೊದಲು ಕಲಿಯಬೇಕಾದುದನ್ನೆಲ್ಲ ಈ ಊರಿನಲ್ಲೇ ಕಲಿಯಬಹುದು.

ಮೀನಿನ ಊಟ

ಟ್ರೌಟ್ ತೊರೆಯ ಹರಿವಿಗೆ ಮುಖ ಕೊಟ್ಟು, ಕಲ್ಲಿನ ಮರೆಯಲ್ಲೋ ಸೆಳೆತ ಕಡಿಮೆಯಿರುವ ಅಂಚಿನಲ್ಲೋ ನಿಲ್ಲುತ್ತದೆ. ನೀರು ಹೊತ್ತು ತರುವುದನ್ನು ಇದ್ದಲ್ಲಿಂದಲೇ ಆರಿಸಿ ತಿನ್ನುತ್ತದೆ. ಅದರ ಊಟದಲ್ಲಿ ಮೂರು ಬಗೆಯ ಹುಳುಗಳು ಮುಖ್ಯ: ಮೇಫ್ಲೈ, ಕ್ಯಾಡಿಸ್, ಸ್ಟೋನ್‌ಫ್ಲೈ. ಮೂರೂ ಬದುಕಿನ ಹೆಚ್ಚಿನ ಕಾಲವನ್ನು ನೀರೊಳಗೆ ಮರಿಹುಳುಗಳಾಗಿ ಕಳೆಯುತ್ತವೆ. ರೆಕ್ಕೆ ಬಂದ ಮೇಲೆ ಅವುಗಳ ಆಯುಷ್ಯ ಕಡಿಮೆ. ರೆಕ್ಕೆ ಬಂದ ಮೇಫ್ಲೈಗಂತೂ ತಿನ್ನಲು ಕೆಲಸ ಮಾಡುವ ಬಾಯಿಯೇ ಇರುವುದಿಲ್ಲ.

ಮೇಫ್ಲೈಯ ಮರಿಹುಳು ಸಾಮಾನ್ಯವಾಗಿ ತಳದಿಂದ ಮೇಲೇರಿ, ನೀರಿನ ಮೇಲ್ಪದರದಲ್ಲಿ ಪೊರೆ ಬಿರಿದು, ರೆಕ್ಕೆ ಬಿಡಿಸಿ ಹಾರಬೇಕು. ಈ ಏರಿಕೆಯ ಹೊತ್ತು ಅದರ ಬದುಕಿನಲ್ಲೇ ಹೆಚ್ಚು ಅಪಾಯದ್ದು. ಎಷ್ಟೋ ಹುಳುಗಳು ಪೊರೆಯಲ್ಲೇ ಸಿಕ್ಕಿಕೊಂಡು ಅರ್ಧ ಬಿರಿದ ರೆಕ್ಕೆಯೊಂದಿಗೆ ತೇಲಿಹೋಗುತ್ತವೆ. ಬೀಟಿಸ್ ಕುಲದ ಕೆಲವು ಮೇಫ್ಲೈ ಹೆಣ್ಣುಗಳು ಮೊಟ್ಟೆಯಿಡಲು ಕಲ್ಲು ಹಿಡಿದು ಮತ್ತೆ ನೀರೊಳಗೆ ಇಳಿಯುತ್ತವೆ. ಮೊಟ್ಟೆಯಿಟ್ಟು ದಣಿದವು ಹರಿವಿನ ಪಾಲಾಗುತ್ತವೆ. ವೆಟ್ ಫ್ಲೈ ತೋರಿಸುವುದು ಇಂಥ ಹುಳುಗಳನ್ನು: ಏರುತ್ತಿರುವುದು, ಸಿಕ್ಕಿಕೊಂಡದ್ದು, ಮುಳುಗಿದ್ದು. ಮೊದಲ ಮಳೆಯ ನಂತರ ಹೊರಡುವ ಈಸಲು ಹುಳುಗಳು ಕೆರೆಗೆ ಬಿದ್ದಾಗ ಮೀನುಗಳು ಮುಗಿಬೀಳುವುದನ್ನು ನೋಡಿದವರಿಗೆ ಈ ಊಟದ ಲೆಕ್ಕ ಬೇಗ ಅರ್ಥವಾಗುತ್ತದೆ.

ಮ್ಯಾಸಿಡೋನಿಯಾದಿಂದ ಮಂಗಳೂರಿಗೆ

ಗರಿ ಸುತ್ತಿದ ಗಾಳದ ಹಳೆಯ ದಾಖಲೆಗಳಲ್ಲಿ ಪ್ರಸಿದ್ಧವಾದದ್ದು ರೋಮ್‌ನ ಲೇಖಕ ಏಲಿಯನ್‌ನದು. ಕ್ರಿ.ಶ. 200ರ ಆಸುಪಾಸಿನ ಅವನ ಬರಹದಲ್ಲಿ, ಮ್ಯಾಸಿಡೋನಿಯಾದ ಜನ ಗಾಳಕ್ಕೆ ಕೆಂಪು ಉಣ್ಣೆ ಸುತ್ತಿ, ಹುಂಜದ ಎರಡು ಗರಿ ಕಟ್ಟಿ, ಚುಕ್ಕೆ ಮೀನು ಹಿಡಿಯುತ್ತಿದ್ದ ವಿವರವಿದೆ. ಇಂಗ್ಲೆಂಡಿನಲ್ಲಿ 1496ರಲ್ಲಿ ಅಚ್ಚಾದ ಗಾಳದ ಕೈಪಿಡಿಯೊಂದು 12 ಫ್ಲೈಗಳ ಕಟ್ಟುವ ಕ್ರಮ ಕೊಟ್ಟಿತು. 1857ರಲ್ಲಿ ಸ್ಕಾಟ್ಲೆಂಡಿನ ಡಬ್ಲ್ಯು.ಸಿ. ಸ್ಟುವರ್ಟ್ ತನ್ನ ‘ದಿ ಪ್ರಾಕ್ಟಿಕಲ್ ಆಂಗ್ಲರ್’ ಪುಸ್ತಕದಲ್ಲಿ ಎರಡು ಮಾತು ಒತ್ತಿ ಹೇಳಿದ. ಮೀನು ಹರಿವಿನ ಎದುರಿಗೆ ನೋಡುತ್ತದೆ, ಆದ್ದರಿಂದ ಅದರ ಹಿಂದಿನಿಂದ, ಮೇಲ್ಮುಖವಾಗಿ ಎಸೆಯಬೇಕು. ಫ್ಲೈಗೆ ರೆಕ್ಕೆಯ ಆಡಂಬರ ಬೇಡ, ಮೆದು ಗರಿಯ ನಾಲ್ಕು ಎಳೆ ಸಾಕು. ಅವನು ಮೆಚ್ಚಿದ ಇಂಥ ಫ್ಲೈಗಳಿಗೆ ಸ್ಪೈಡರ್ ಎಂದು ಹೆಸರು.

ಯಾರ್ಕ್‌ಷೈರ್‌ನ ತೊರೆಗಳಲ್ಲಿ ಬೆಳೆದ ಇದೇ ಮಾದರಿಯ ಫ್ಲೈಗಳನ್ನು ಟಿ.ಇ. ಪ್ರಿಟ್ 1885ರಲ್ಲಿ ಪುಸ್ತಕವಾಗಿಸಿದ. ಮರುವರ್ಷವೇ ಫ್ರೆಡರಿಕ್ ಹಾಲ್‌ಫೋರ್ಡ್‌ನ ಪುಸ್ತಕ ಬಂದು, ತೇಲುವ ಡ್ರೈ ಫ್ಲೈಯೇ ಶ್ರೇಷ್ಠವೆಂಬ ಅಭಿಪ್ರಾಯ ಬಲವಾಯಿತು. 1910ರಲ್ಲಿ ಜಿ.ಇ.ಎಂ. ಸ್ಕ್ಯೂಸ್ ಎಂಬ ವಕೀಲ ಆ ಹಟವನ್ನು ಪ್ರಶ್ನಿಸಿ, ಮುಳುಗುವ ಫ್ಲೈಗೂ ಅಷ್ಟೇ ನಿಖರತೆ, ಅಷ್ಟೇ ಗಮನ ಬೇಕೆಂದು ತೋರಿಸಿದ. ಅಮೆರಿಕದಲ್ಲಿ 1941ರ ಜೇಮ್ಸ್ ಲೈಸೆನ್‌ರಿಂಗ್ ಮತ್ತು 1975ರ ಸಿಲ್ವೆಸ್ಟರ್ ನೀಮ್ಸ್ ಪುಸ್ತಕಗಳು ಈ ಪರಂಪರೆಯನ್ನು ಮುಂದುವರಿಸಿದವು. ಜಪಾನಿನ ಬೆಟ್ಟದ ತೊರೆಗಳಲ್ಲಿ ರೀಲ್ ಇಲ್ಲದ ಉದ್ದ ಕೋಲಿನಿಂದ ನಡೆಯುವ ಟೆಂಕಾರಾ ಪದ್ಧತಿಯ ಫ್ಲೈಗಳಲ್ಲೂ ಮೆದು ಗರಿಯದೇ ಕೆಲಸ. ದೂರದ ಎರಡು ನಾಡುಗಳು ಒಂದೇ ಉತ್ತರಕ್ಕೆ ಬಂದು ನಿಂತಿರುವುದು ಈ ಗರಿಯ ಗುಣಕ್ಕೆ ಒಳ್ಳೆಯ ಸಾಕ್ಷಿ.

ಈ ಚರಿತ್ರೆಯಲ್ಲಿ ಕನ್ನಡ ನಾಡಿಗೂ ಒಂದು ಅಧ್ಯಾಯವಿದೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ, ಮದರಾಸು ಸಿವಿಲ್ ಸರ್ವಿಸ್‌ನ ಹೆನ್ರಿ ಸಲಿವನ್ ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲೇ ಪ್ರಕಟವಾಯಿತು. ಟ್ರೌಟ್‌ಗಾಗಿ ಹುಟ್ಟಿದ ವಿದ್ಯೆಯನ್ನು ಇಲ್ಲಿನ ಮಹಶೀರ್‌ನಂಥ ಮೀನುಗಳಿಗೆ ಹೊಂದಿಸುವ ಪ್ರಯತ್ನ ಅದರಲ್ಲಿದೆ. 1887ರಲ್ಲಿ ಆತ ಕೆರೆಗಳ ಮೀನುಗಾರಿಕೆಗೆಂದೇ ‘ಟ್ಯಾಂಕ್ ಆಂಗ್ಲಿಂಗ್ ಇನ್ ಇಂಡಿಯಾ’ ಎಂಬ ಇನ್ನೊಂದು ಪುಸ್ತಕ ಬರೆದ. ದಖನ್ನಿನ ಕೆರೆಯ ಏರಿಯ ಮೇಲೆ ಕೋಲು ಹಿಡಿದು ನಿಲ್ಲುವವರಿಗೆ ಈ ಎರಡನೆಯದು ಹೆಚ್ಚು ಹತ್ತಿರದ್ದು.

ಟ್ರೌಟ್ ಇರುವ ನೀರು

ಟ್ರೌಟ್ ಭಾರತದ ಮೂಲ ಮೀನಲ್ಲ. ಬ್ರೌನ್ ಟ್ರೌಟ್ ಯುರೋಪಿನಿಂದ ಬಂದದ್ದು, ರೇನ್‌ಬೋ ಟ್ರೌಟ್ ಅಮೆರಿಕದ ಪಶ್ಚಿಮ ಕರಾವಳಿಯ ನದಿಗಳದ್ದು. ‘ಫಿಶಸ್ ಆಫ್ ಇಂಡಿಯಾ’ ಬರೆದ, ಮದರಾಸು ಸೇನೆಯ ವೈದ್ಯ ಫ್ರಾನ್ಸಿಸ್ ಡೇ 1860ರ ದಶಕದಲ್ಲೇ ನೀಲಗಿರಿಗೆ ಟ್ರೌಟ್ ತರಲು ಪ್ರಯತ್ನಿಸಿದ, ಅದು ಫಲಿಸಲಿಲ್ಲ. ಕಾಶ್ಮೀರದಲ್ಲಿ 1900ರಲ್ಲಿ ತಂದ ಮೊಟ್ಟೆಗಳು ಉಳಿದು ಬ್ರೌನ್ ಟ್ರೌಟ್ ನೆಲೆಗೊಂಡಿತು. 1909ರ ಹೊತ್ತಿಗೆ ಕುಲ್ಲು ಕಣಿವೆಗೂ ಬಂತು. ದಕ್ಷಿಣದಲ್ಲಿ 20ನೇ ಶತಮಾನದ ಮೊದಲ ವರ್ಷಗಳಲ್ಲಿ ಎಚ್.ಸಿ. ವಿಲ್ಸನ್ ಊಟಿಯ ಬಳಿಯ ಅವಲಾಂಚ್‌ನಲ್ಲಿ ಮರಿ ಮಾಡುವ ಕೇಂದ್ರ ಕಟ್ಟಿ, ರೇನ್‌ಬೋ ಟ್ರೌಟ್‌ನ್ನು ನೀಲಗಿರಿಯ ತೊರೆಗಳಿಗೆ ಬಿಟ್ಟ. ಕರ್ನಾಟಕದ ಗಡಿಗೆ ತಾಗಿದ ಆ ಬೆಟ್ಟಗಳಲ್ಲಿ, ಕನ್ನಡಕ್ಕೆ ಹತ್ತಿರದ ಬಡಗ ನುಡಿಯಾಡುವ ಹಳ್ಳಿಗಳ ಮೇಲಿನ ನೀರಿನಲ್ಲಿ, ಅದು ತಾನೇ ಮರಿ ಮಾಡಿಕೊಂಡು ಉಳಿಯಿತು.

ಹೈದರಾಬಾದಿಗೆ ಅದು ಬರದಿರಲು ಕಾರಣ ನೀರಿನ ಬಿಸಿ. ಟ್ರೌಟ್‌ಗೆ ಹಿತವಾದದ್ದು ಸುಮಾರು 10ರಿಂದ 16 ಡಿಗ್ರಿ ಸೆಲ್ಸಿಯಸ್ ನೀರು. ನೀರು ಬಿಸಿಯಾದಂತೆ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ, ಮೀನಿಗೆ ಬೇಕಾದ ಆಮ್ಲಜನಕ ಮಾತ್ರ ಹೆಚ್ಚುತ್ತದೆ. 20 ಡಿಗ್ರಿ ದಾಟಿದರೆ ಟ್ರೌಟ್ ಏದುಸಿರು ಬಿಡತೊಡಗುತ್ತದೆ. ಸಮುದ್ರಮಟ್ಟದಿಂದ ಸುಮಾರು 540 ಮೀಟರ್ ಎತ್ತರದ ಹೈದರಾಬಾದಿನ ಕೆರೆ ಬೇಸಿಗೆಯಲ್ಲಿ ಈ ಮಿತಿಯನ್ನು ಎಷ್ಟೋ ಮೀರಿರುತ್ತದೆ. ಊಟಿಯ ಎತ್ತರ 2,200 ಮೀಟರಿಗೂ ಹೆಚ್ಚು. ಅಲ್ಲಿನ ನೆರಳು, ಮಂಜು, ಕಲ್ಲಿನ ಮೇಲೆ ಮುರಿದು ಬೀಳುವ ನೀರು, ಇವೆಲ್ಲ ಸೇರಿ ಮೀನನ್ನು ಉಳಿಸಿವೆ.

ಬಜಾರಿನಲ್ಲಿ ಸಾಮಗ್ರಿ

ವೆಟ್ ಫ್ಲೈಗೆ ಬೇಕಾದದ್ದು ನಾಲ್ಕೇ: ಗಾಳ, ಎಳೆ, ಮೈಗೆ ಉಣ್ಣೆ ಅಥವಾ ರೇಷ್ಮೆ, ಕತ್ತಿಗೆ ಗರಿ. ಗಾಳ 12ರಿಂದ 16ನೇ ನಂಬರಿನದು, ತಂತಿ ತುಸು ದಪ್ಪ ಇರುವಂಥದ್ದು ಆಗಬೇಕು. ಆ ಭಾರವೇ ಫ್ಲೈಯನ್ನು ಮುಳುಗಿಸುತ್ತದೆ. ನಂಬರು ಹೆಚ್ಚಾದಂತೆ ಗಾಳ ಚಿಕ್ಕದು. ಗಾಳವನ್ನೂ ಅದನ್ನು ಕಚ್ಚಿ ಹಿಡಿಯುವ ಪುಟ್ಟ ವೈಸನ್ನೂ ಹೊರಗಿನಿಂದ ತರಿಸಬೇಕಾಗುತ್ತದೆ. ಉಳಿದದ್ದಕ್ಕೆ ಊರೇ ಸಾಕು.

ಚಾರ್‌ಮಿನಾರ್ ಬಳಿಯ ಲಾಡ್ ಬಜಾರ್, ಪತ್ತರ್‌ಗಟ್ಟಿ ಕಡೆಗಳಲ್ಲಿ ಜರ್ದೋಜಿ ಮತ್ತು ಮಗ್ಗಂ ವರ್ಕ್ ಮಾಡುವವರಿಗೆ ಸಾಮಾನು ಮಾರುವ ಅಂಗಡಿಗಳಿವೆ. ಮದುವೆಯ ಬ್ಲೌಸಿಗೆ, ಶೇರ್‌ವಾನಿಗೆ ಹೋಗುವ ಅದೇ ಸಾಮಾನು ಫ್ಲೈಗೂ ಒದಗುತ್ತದೆ. ಬಾದ್ಲಾ ಎಂಬ ಚಪ್ಪಟೆ ಲೋಹದ ಪಟ್ಟಿ, ಕಸಬ್ ಎಂಬ ನೂಲಿನ ಮೇಲೆ ಸುತ್ತಿದ ಲೋಹದ ಎಳೆ, ದಬ್ಕಾ ಎಂಬ ಸ್ಪ್ರಿಂಗಿನಂಥ ಸಣ್ಣ ಸುರುಳಿ, ಈ ಮೂರೂ ಫ್ಲೈಯ ಮೈಮೇಲೆ ಹೊಳೆಯುವ ಗೆರೆ ಎಳೆಯಲು ಬರುತ್ತವೆ. ದಬ್ಕಾವನ್ನು ಸ್ವಲ್ಪ ಎಳೆದು ಬಿಡಿಸಿದರೆ ಕೂದಲೆಳೆಯಷ್ಟು ಸಣ್ಣ ಅಂಕುಡೊಂಕು ತಂತಿಯಾಗುತ್ತದೆ. ಅದನ್ನು ಮೈಮೇಲೆ ನಾಲ್ಕು ಸುತ್ತು ತಂದರೆ ಹುಳುವಿನ ಹೊಟ್ಟೆಯ ಗೆಣ್ಣುಗಳು ಮೂಡುತ್ತವೆ. ಅಸಲಿ ಲೋಹದ ಎಳೆ ಕಾಲಕ್ರಮೇಣ ಕಪ್ಪಾಗುತ್ತದೆ, ಪ್ಲಾಸ್ಟಿಕ್ ಹಾಳೆಯದು ಕಪ್ಪಾಗುವುದಿಲ್ಲವಾದರೂ ತೂಕವಿಲ್ಲ. ಮುಳುಗಬೇಕಾದ ಫ್ಲೈಗೆ ಮೊದಲನೆಯದೇ ಮೇಲು.

ರೇಷ್ಮೆ ಕೊಳ್ಳುವಾಗ ಎಚ್ಚರ ಬೇಕು. ರೇಶಮ್ ಎಂದು ಮಾರುವ ಕಸೂತಿ ದಾರದಲ್ಲಿ ಬಹಳಷ್ಟು ರೇಯಾನ್. ಒಂದೆಳೆ ಸುಟ್ಟು ನೋಡಿದರೆ ಗೊತ್ತಾಗುತ್ತದೆ: ಅಸಲಿ ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ರೇಯಾನ್ ಕಾಗದ ಸುಟ್ಟಂತೆ. ಒದ್ದೆಯಾದಾಗ ರೇಯಾನ್‌ನ ಬಲ ಕುಗ್ಗುತ್ತದೆ. ರೇಷ್ಮೆಯದು ಇನ್ನೊಂದು ಗುಣ. ಕಿತ್ತಳೆ ಬಣ್ಣದ ರೇಷ್ಮೆ ನೀರು ಕುಡಿದ ಕೂಡಲೇ ಗಾಢವಾಗಿ, ಒಳಗಿನ ಗಾಳದ ಕಪ್ಪನ್ನೂ ಸೇರಿಸಿಕೊಂಡು, ಮಾಗಿದ ಕಂದು ಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ಬಣ್ಣವನ್ನು ಅಂಗಡಿಯ ಬೆಳಕಿನಲ್ಲಿ ಆರಿಸದೆ, ಒಂದು ತುಂಡನ್ನು ಒದ್ದೆ ಮಾಡಿ ಆರಿಸಬೇಕು. ಪೋಚಂಪಲ್ಲಿಯ ನೇಕಾರರ ನಾಡಿನಲ್ಲಿ ಒಳ್ಳೆಯ ರೇಷ್ಮೆ ಎಳೆಗೆ ಬರವಿಲ್ಲ.

ಮೈಗೆ ಉಣ್ಣೆ ಬೇಕಾದಾಗ ಹಳೆಯ ಕಂಬಳಿಯ ಒಂದು ತುದಿ ಸಾಕು. ತೆಲಂಗಾಣದಲ್ಲೂ ಉತ್ತರ ಕರ್ನಾಟಕದಲ್ಲೂ ಕುರುಬರು ಸಾಕುವ ದಖನಿ ಕುರಿಯ ಉಣ್ಣೆ ಒರಟು, ಕಪ್ಪು ಮತ್ತು ಬೂದು ಬೆರೆತದ್ದು. ಅದನ್ನು ಬೆರಳಿನಲ್ಲಿ ಹಿಂಜಿ, ಮೇಣ ಹಚ್ಚಿದ ಎಳೆಗೆ ಹೊಸೆದರೆ ಮರಿಹುಳುವಿನ ರೋಮದ ಮೈ ಸಿದ್ಧ.

ಗರಿಯ ವಿಷಯಕ್ಕೆ ಬಂದರೆ ಹೇಂಟೆಯದೇ ಬೇಕು, ಹುಂಜದ್ದಲ್ಲ. ಹುಂಜದ ಗರಿ ಬಿಗಿ, ಹೊಳಪು, ನೀರನ್ನು ತಳ್ಳುತ್ತದೆ. ಅದು ತೇಲುವ ಫ್ಲೈಗೆ. ಹೇಂಟೆಯ ಕತ್ತಿನ ಗರಿ ಮೆದು, ನೀರು ಹೀರುತ್ತದೆ, ಅಲುಗುತ್ತದೆ. ನಾಟಿ ಹೇಂಟೆಯ ಕಂದು ಚುಕ್ಕೆಯ ಕತ್ತು, ಬೆನ್ನಿನ ಗರಿಗಳು ಹಳೆಯ ಪುಸ್ತಕಗಳು ಹೇಳುವ ಪಾರ್ಟ್ರಿಡ್ಜ್ ಗರಿಯ ಜಾಗದಲ್ಲಿ ಚೆನ್ನಾಗಿ ಒಗ್ಗುತ್ತವೆ. ಹೈದರಾಬಾದಿನ ರಾಜೇಂದ್ರನಗರದಲ್ಲಿರುವ ಕೋಳಿ ಸಂಶೋಧನಾ ನಿರ್ದೇಶನಾಲಯ ಹಿತ್ತಲ ಸಾಕಣೆಗೆಂದು ರೂಪಿಸಿದ ವನರಾಜ ತಳಿಯ ಬಹುವರ್ಣದ ಹೇಂಟೆಗಳೂ ಇದಕ್ಕೆ ಒದಗುತ್ತವೆ. ಕೋಳಿ ಅಂಗಡಿಯಲ್ಲಿ ಎಸೆಯುವ ಗರಿಯನ್ನು ಕೇಳಿ ತಂದು, ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಚೀಲದಲ್ಲಿ ಕಟ್ಟಿ ಕೆಲವು ದಿನ ಫ್ರೀಜರ್‌ನಲ್ಲಿಟ್ಟರೆ ಹೇನು, ಹುಳು ಸಾಯುತ್ತವೆ. ಬಿಳಿ ಗರಿಯನ್ನು ಗಟ್ಟಿ ಚಹಾ ಡಿಕಾಕ್ಷನ್‌ನಲ್ಲಿ ನೆನೆಸಿದರೆ ತಿಳಿಗಂದು ಬಣ್ಣ ಹಿಡಿಯುತ್ತದೆ.

ಕಾಡುಹಕ್ಕಿಯ ಗರಿ ಮಾತ್ರ ಕೂಡದು. ಪಶ್ಚಿಮ ಘಟ್ಟದ ಬೂದು ಕಾಡುಕೋಳಿಯ ಕತ್ತಿನಲ್ಲಿ ಮೇಣದ ಹನಿಯಂಥ ಚುಕ್ಕೆಯ ಗರಿಗಳಿವೆ. ಫ್ಲೈ ಕಟ್ಟುವವರು ಅದಕ್ಕಾಗಿ ಹಾತೊರೆದದ್ದರಿಂದಲೇ ಒಂದು ಕಾಲಕ್ಕೆ ಆ ಹಕ್ಕಿಯ ಬೇಟೆ ವಿಪರೀತವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಈಗ ಅದಕ್ಕೂ ಗೌಜಲಕ್ಕಿಗೂ ಇದೆ. ನವಿಲು ತಾನಾಗಿ ಉದುರಿಸಿದ ಗರಿಗೆ ದೇಶದೊಳಗೆ ವಿನಾಯಿತಿಯಿದೆ, ಹೊರದೇಶಕ್ಕೆ ಕಳಿಸುವಂತಿಲ್ಲ. ಆ ಗರಿಯ ಪಕ್ಕದ ಎಳೆಗಳು ತಾಮ್ರ, ಹಸಿರು ಎರಡೂ ಹೊಳೆಯುವ ಮೈ ಕೊಡುತ್ತವೆ.

ಕಟ್ಟುವ ಕ್ರಮ

ಮೊದಲು ಕಲಿಯಬೇಕಾದದ್ದು ಕಿತ್ತಳೆ ರೇಷ್ಮೆಯ ಮೈ, ಕಂದು ಗರಿಯ ಕತ್ತು ಇರುವ ಫ್ಲೈ. ಪಾರ್ಟ್ರಿಡ್ಜ್ ಅಂಡ್ ಆರೆಂಜ್ ಎಂಬ ಹೆಸರಿನ ಈ ಮಾದರಿಗೆ ಎರಡೇ ವಸ್ತು ಸಾಕು. ತಪ್ಪನ್ನು ಮುಚ್ಚಿಕೊಳ್ಳಲು ಅದರಲ್ಲಿ ಜಾಗವೇ ಇಲ್ಲ.

14ನೇ ನಂಬರಿನ ಗಾಳವನ್ನು ಕಡ್ಡಿ ನೆಲಕ್ಕೆ ಸಮನಾಗಿ ನಿಲ್ಲುವಂತೆ ವೈಸಿಗೆ ಕಚ್ಚಿಸಬೇಕು. ಒಂದು ಮೊಳ ರೇಷ್ಮೆಯನ್ನು ಜೇನುಮೇಣದ ಮೇಲೆ ಎಳೆದರೆ ಎಳೆ ಜಾರದೆ ಕೂರುತ್ತದೆ. ಗಾಳದ ಕಣ್ಣಿನ ಹಿಂದೆ ಕೂದಲೆಳೆಯಷ್ಟು ಜಾಗ ಬಿಟ್ಟು ನಾಲ್ಕೈದು ಸುತ್ತು ಹಾಕಬೇಕು. ಈಗ ಗರಿ. ಅದರ ಬುಡದ ತುಪ್ಪಳವನ್ನು ಕಿತ್ತುಹಾಕಿ, ತುದಿ ಹಿಡಿದು, ಎಳೆಗಳನ್ನು ಬೆರಳಿನಿಂದ ಹಿಂದಕ್ಕೆ ಸವರಿದರೆ ಅವು ದಂಟಿಗೆ ಅಡ್ಡವಾಗಿ ನಿಲ್ಲುತ್ತವೆ. ಒಂದೊಂದು ಎಳೆ ಗಾಳದ ಬಾಗನ್ನು ಮುಟ್ಟುವಷ್ಟು ಉದ್ದವಿದ್ದರೆ ಸಾಕು. ದಂಟಿನ ಬುಡವನ್ನು ಕಡ್ಡಿಗೆ ಕಟ್ಟಿ, ಗರಿ ಕಣ್ಣಿನ ಮುಂದಕ್ಕೆ ಚಾಚಿಕೊಂಡಿರುವಂತೆ ಬಿಡಬೇಕು.

ಆಮೇಲೆ ರೇಷ್ಮೆಯನ್ನು ಸುತ್ತಿಗೆ ಸುತ್ತು ತಾಗುವಂತೆ ಹಿಂದಕ್ಕೆ ತರಬೇಕು. ಗಾಳದ ಮೊನೆಯ ನೇರಕ್ಕೆ ಬಂದಲ್ಲಿ ನಿಲ್ಲಿಸಿ, ಅದೇ ದಾರಿಯಲ್ಲಿ ಮುಂದಕ್ಕೆ ಮರಳಿ, ಗರಿಯ ಹಿಂದೆಯೇ ನಿಲ್ಲಬೇಕು. ಮೈ ಅಲ್ಲಿಗೆ ಮುಗಿಯಿತು. ಗರಿಯ ತುದಿಯನ್ನು ಚಿಮಟದಲ್ಲಿ ಹಿಡಿದು ಹಿಂದಕ್ಕೆ ಒಂದೂವರೆ ಸುತ್ತು, ಹೆಚ್ಚೆಂದರೆ ಎರಡು ಸುತ್ತು ತಂದು, ಕಾದಿರುವ ರೇಷ್ಮೆಯಿಂದ ಕಟ್ಟಿ, ಉಳಿದ ತುದಿಯನ್ನು ಕತ್ತರಿಸಬೇಕು. ಈಗ ರೇಷ್ಮೆಯನ್ನು ಗರಿಯ ಎಳೆಗಳ ನಡುವೆ ಅತ್ತಿತ್ತ ಆಡಿಸುತ್ತ, ಒಂದೂ ಎಳೆ ಕೆಳಗೆ ಸಿಕ್ಕದಂತೆ, ಕಣ್ಣಿನವರೆಗೆ ತರಬೇಕು. ದಂಟಿನ ಮೇಲೆ ಹಾದುಬಂದ ಈ ಎಳೆಯೇ ಮೀನಿನ ಹಲ್ಲಿನಿಂದ ಗರಿಯನ್ನು ಕಾಯುತ್ತದೆ. ಎಳೆಯ ಕೊನೆಯನ್ನು ಅದರದೇ ನಾಲ್ಕು ಸುತ್ತಿನ ಕೆಳಗೆ ನುಸುಳಿಸಿ ಎಳೆದು, ಸೂಜಿಯ ಮೊನೆಯಲ್ಲಿ ಒಂದು ಹನಿ ವಾರ್ನಿಶ್ ಮುಟ್ಟಿಸಿದರೆ ಫ್ಲೈ ಸಿದ್ಧ.

ಒಣಗಿದ ಮೇಲೆ ಗಾಜಿನ ಲೋಟದ ನೀರಿನಲ್ಲಿ ಅದ್ದಿ ನೋಡಬೇಕು. ನೀರಿನಿಂದ ಮೇಲೆತ್ತಿದಾಗ ಎಳೆಗಳು ಒದ್ದೆ ಕೂದಲಿನಂತೆ ಮೈಗೆ ಅಂಟುತ್ತವೆ. ಮತ್ತೆ ಮುಳುಗಿಸಿ ಮೆಲ್ಲನೆ ಎಳೆದರೆ ಮಡಚಿಕೊಳ್ಳುತ್ತವೆ, ನಿಲ್ಲಿಸಿದರೆ ಅರಳುತ್ತವೆ. ಅರಳದಿದ್ದರೆ ಗರಿ ಬಿಗಿಯಾಯಿತು. ಪೊದೆಯಂತೆ ಕಂಡರೆ ಸುತ್ತು ಹೆಚ್ಚಾಯಿತು. ಕಲಿಯುವವರ ತಪ್ಪುಗಳಲ್ಲಿ ಹೆಚ್ಚಿನವು ಅತಿಯಾದದ್ದರಿಂದಲೇ ಆಗುವಂಥವು: ಬಾಗಿನವರೆಗೂ ಇಳಿದ ಉದ್ದ ಮೈ, ಮೂರ್ನಾಲ್ಕು ಸುತ್ತಿನ ದಟ್ಟ ಗರಿ, ಗಾಳದ ಕಣ್ಣನ್ನೇ ಮುಚ್ಚುವ ದಪ್ಪ ತಲೆ. ವೆಟ್ ಫ್ಲೈ ಬಡಕಲಾಗಿ ಕಂಡಷ್ಟೂ ಒಳ್ಳೆಯದು. ಅಂಥ ಫ್ಲೈ ಬೇಗ ಮುಳುಗುತ್ತದೆ, ಹರಿವಿಗೆ ಬೇಗ ಮಣಿಯುತ್ತದೆ.

ಒಂದೇ ಮಾದರಿಯನ್ನು ಒಂದು ಡಜನ್ ಕಟ್ಟಿ, ಹನ್ನೆರಡನೆಯದು ಹನ್ನೊಂದನೆಯದರಂತೆಯೇ ಬಂದ ಮೇಲೆ ಮುಂದಕ್ಕೆ ಹೋಗಬೇಕು. ಎರಡನೆಯ ಪಾಠ ನವಿಲುಗರಿಯ ಮೈ, ಕಪ್ಪು ಹೇಂಟೆಯ ಕತ್ತು. ನವಿಲಿನ ಎಳೆ ಬೇಗ ಹರಿಯುವುದರಿಂದ ಅದನ್ನು ರೇಷ್ಮೆಯ ಜೊತೆ ಹುರಿ ಮಾಡಿ ಸುತ್ತಬೇಕು. ಮೂರನೆಯದು ಕಂಬಳಿ ಉಣ್ಣೆಯ ಮೈ, ಅದರ ಮೇಲೆ ಬಾದ್ಲಾದ ಗೆರೆ. ಸ್ಕಾಟ್ಲೆಂಡಿನಲ್ಲಿ 1854ರಲ್ಲಿ ರೂಪುಗೊಂಡ ಗ್ರೀನ್‌ವೆಲ್ಸ್ ಗ್ಲೋರಿಯಂಥ ರೆಕ್ಕೆಯಿರುವ ಫ್ಲೈಗಳಿಗೆ ಎಡ ಮತ್ತು ಬಲ ರೆಕ್ಕೆಗರಿಗಳಿಂದ ಸಮನಾದ ಎರಡು ಪಟ್ಟಿ ಕತ್ತರಿಸಿ ಜೋಡಿಸಬೇಕು. ಕೈ ಕುದುರಿದ ಮೇಲೆ ಅದಕ್ಕೆ ಇಳಿಯುವುದು ವಾಸಿ.

ಕೋಲು, ದಾರ, ಅಭ್ಯಾಸ

ಮಾಮೂಲಿ ಗಾಳದಲ್ಲಿ ಸೀಸದ ತೂಕ ದಾರವನ್ನು ಎಳೆದೊಯ್ಯುತ್ತದೆ. ಫ್ಲೈಗೆ ಅಷ್ಟು ತೂಕವಿಲ್ಲ, ಇಲ್ಲಿ ದಪ್ಪನೆಯ ದಾರವೇ ತೂಕ. ತೊರೆಯ ಟ್ರೌಟ್‌ಗೆ 8ರಿಂದ 9 ಅಡಿಯ, 4 ಅಥವಾ 5ನೇ ನಂಬರಿನ ಕೋಲು ಸರಿ. 5ನೇ ನಂಬರಿನ ದಾರದ ಮೊದಲ 30 ಅಡಿಯ ತೂಕ ಸುಮಾರು 9 ಗ್ರಾಂ. ಅದರ ತುದಿಗೆ 9 ಅಡಿಯ, ಬರಬರುತ್ತ ಸಣ್ಣಗಾಗುವ ನೈಲಾನ್ ಎಳೆ. ಕೊನೆಯ ತುಂಡು 0.15ರಿಂದ 0.18 ಮಿಲಿಮೀಟರ್ ದಪ್ಪ.

ಎಸೆತವನ್ನು ಮೈದಾನದ ಹುಲ್ಲಿನ ಮೇಲೆ, ಗಾಳದ ಬದಲು ಉಣ್ಣೆಯ ತುಂಡು ಕಟ್ಟಿ ಕಲಿಯಬೇಕು. ಕೋಲನ್ನು ಹಿಂದಕ್ಕೆ ಎತ್ತಿ, ಗಡಿಯಾರದ 1 ಗಂಟೆಯ ಜಾಗದಲ್ಲಿ ನಿಲ್ಲಿಸಿ, ದಾರ ಬೆನ್ನ ಹಿಂದೆ ಪೂರ್ತಿ ಚಾಚುವ ತನಕ ತಾಳಿ, ಮುಂದಕ್ಕೆ ತಂದು 10 ಗಂಟೆಯ ಜಾಗದಲ್ಲಿ ನಿಲ್ಲಿಸಬೇಕು. ಆ ತಾಳ್ಮೆಯ ಕ್ಷಣವೇ ಎಸೆತದ ಗುಟ್ಟು. ಆತುರಪಟ್ಟರೆ ದಾರ ಚಾವಟಿಯಂತೆ ಛಟೀರೆಂದು ಫ್ಲೈ ಹರಿದುಹೋಗುತ್ತದೆ. ವೆಟ್ ಫ್ಲೈಗೆ ದೂರ ಬೇಕಿಲ್ಲ. 25 ಅಡಿ ನೇರವಾಗಿ ಎಸೆಯಲು ಬಂದರೆ ತೊರೆಯಲ್ಲಿ ಕೆಲಸ ನಡೆಯುತ್ತದೆ.

ಮುಂದಿನ ಹೆಜ್ಜೆ ಕೆರೆ. 1908ರ ಮೂಸಿ ಪ್ರವಾಹದ ನಂತರ ಸರ್ ಎಂ. ವಿಶ್ವೇಶ್ವರಯ್ಯನವರ ಸಲಹೆಯಂತೆ ಮೂಸಿ, ಈಸಿ ನದಿಗಳಿಗೆ ಕಟ್ಟಿದ ಉಸ್ಮಾನ್ ಸಾಗರ 1920ರಲ್ಲೂ ಹಿಮಾಯತ್ ಸಾಗರ 1927ರಲ್ಲೂ ಮುಗಿದವು. ಇವು ಊರಿಗೆ ಕುಡಿಯುವ ನೀರು ಕೊಡುವ ಜಲಾಶಯಗಳು, ನಿರ್ಬಂಧಗಳಿವೆ. ಹಳ್ಳಿಯ ಕೆರೆಗಳಲ್ಲಿ ಮೀನಿನ ಹಕ್ಕು ಸಾಮಾನ್ಯವಾಗಿ ಮೀನುಗಾರರ ಸಹಕಾರ ಸಂಘಗಳದ್ದು. ಎಲ್ಲೇ ಆಗಲಿ, ಕೇಳಿ ಅನುಮತಿ ಪಡೆದೇ ಇಳಿಯಬೇಕು. ಬೆಳ್ಳಿಯ ಚೂರಿನಂತೆ ಮೇಲ್ನೀರಿನಲ್ಲಿ ಹೊಳೆಯುವ ಚಿಲ್ವಾ, ಅಂಚಿನಲ್ಲಿ ಸುಳಿಯುವ ಗೆಂಡೆ ಜಾತಿಯ ಮೀನುಗಳು 16ನೇ ನಂಬರಿನ ವೆಟ್ ಫ್ಲೈಯನ್ನು ಹಿಡಿಯುತ್ತವೆ. ಚಿಲ್ವಾ ಕಚ್ಚಿ ಬಿಡುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಕೈ ಚುರುಕಾಗಲು ಅದಕ್ಕಿಂತ ಒಳ್ಳೆಯ ಗುರು ಇಲ್ಲ. ತೆಲಂಗಾಣದ ರಾಜ್ಯಮೀನಾದ ಕೊರಮೀನು ಕಪ್ಪೆ, ಮರಿಮೀನುಗಳಂಥ ದೊಡ್ಡ ಬೇಟೆಗೆ ಎರಗುವುದರಿಂದ ಈ ಸಣ್ಣ ಫ್ಲೈ ಅದಕ್ಕಲ್ಲ.

ತೊರೆಯಲ್ಲಿ

ತೊರೆಯ ದಡಕ್ಕೆ ಬಂದ ಕೂಡಲೇ ಎಸೆಯಬಾರದು. ಮೊದಲು ಒಂದು ಕಲ್ಲು ಎತ್ತಿ ಅದರಡಿ ಅಂಟಿರುವ ಮರಿಹುಳುಗಳ ಗಾತ್ರ, ಬಣ್ಣ ನೋಡಿ, ಕಲ್ಲನ್ನು ಇದ್ದಂತೆಯೇ ಇಡಬೇಕು. ಪೆಟ್ಟಿಗೆಯಿಂದ ಯಾವ ಫ್ಲೈ ತೆಗೆಯಬೇಕೆಂಬುದಕ್ಕೆ ಉತ್ತರ ಅಲ್ಲಿರುತ್ತದೆ. ಆಮೇಲೆ ನೀರಿನ ಮೇಲಿನ ಉಂಗುರಗಳನ್ನು ಗಮನಿಸಬೇಕು. ಉಂಗುರದ ನಡುವೆ ಗುಳ್ಳೆ ಉಳಿದರೆ ಮೀನು ತೇಲುತ್ತಿದ್ದ ಹುಳುವನ್ನು ಗಾಳಿಯ ಸಮೇತ ನುಂಗಿದೆ ಎಂದರ್ಥ. ಗುಳ್ಳೆಯಿಲ್ಲದೆ ನೀರು ಮಾತ್ರ ಉಬ್ಬಿ ಇಳಿದರೆ ಅದು ಮೇಲ್ಪದರದ ಕೆಳಗೇ ತಿಂದಿದೆ. ವೆಟ್ ಫ್ಲೈಗೆ ಕರೆ ಅದೇ. ಉಂಗುರವೇ ಕಾಣದಿದ್ದರೆ ಮೀನು ನಿಲ್ಲುವ ಜಾಗ ಹುಡುಕಬೇಕು: ದೊಡ್ಡ ಕಲ್ಲಿನ ಮುಂದೆ ಮತ್ತು ಹಿಂದೆ, ವೇಗದ ನೀರು ನಿಧಾನದ ನೀರಿಗೆ ಉಜ್ಜುವ ಗೆರೆ, ಮಡುವಿಗೆ ನೀರು ಧುಮುಕುವ ತಲೆ.

ಸುಲಭದ ವಿಧಾನ ಕೆಳಮುಖದ್ದು. ದಡದಿಂದ ಓರೆಯಾಗಿ ಹರಿವಿನ ಕೆಳಗಡೆಗೆ ಎಸೆದು, ಫ್ಲೈ ಬಿಲ್ಲಿನಂತೆ ಬಾಗಿ ನಮ್ಮ ದಡದತ್ತ ಬರುವಂತೆ ಬಿಟ್ಟು, ಎರಡು ಹೆಜ್ಜೆ ಕೆಳಗೆ ಹೋಗಿ ಮತ್ತೆ ಎಸೆಯುವುದು. ನಡುನೀರಿನ ಸೆಳೆತ ದಾರದ ಹೊಟ್ಟೆಯನ್ನು ಎಳೆದು ಫ್ಲೈಯನ್ನು ಓಡಿಸಿದರೆ, ಕೋಲಿನ ತುದಿಯಿಂದ ದಾರವನ್ನು ಎತ್ತಿ ಮೇಲ್ಹರಿವಿನ ಕಡೆ ಹಾಕಬೇಕು. ಓಡುವ ಹುಳುವನ್ನು ಟ್ರೌಟ್ ನಂಬುವುದಿಲ್ಲ. ಕಷ್ಟದ, ಆದರೆ ತಿಳಿನೀರಿಗೆ ತಕ್ಕ ವಿಧಾನ ಸ್ಟುವರ್ಟ್‌ನ ಮೇಲ್ಮುಖದ್ದು. ಮೀನಿನ ಹಿಂದೆ ನಿಂತು ಚಿಕ್ಕ ಎಸೆತ ಎಸೆದು, ಫ್ಲೈ ತೇಲಿ ಬರುವ ವೇಗಕ್ಕೆ ಸರಿಯಾಗಿ ದಾರ ಎಳೆದುಕೊಳ್ಳುತ್ತಿರಬೇಕು. ಮೂರನೆಯದು ಲೈಸೆನ್‌ರಿಂಗ್‌ನ ಹೆಸರಿನದು: ಮೀನಿರುವ ಜಾಗಕ್ಕೆ ಬರುವಷ್ಟರಲ್ಲಿ ಫ್ಲೈ ಆಳಕ್ಕೆ ಇಳಿದಿರಬೇಕು, ಅಲ್ಲಿ ದಾರವನ್ನು ತಡೆದರೆ ಅದು ತಳದಿಂದ ಏಳುವ ಹುಳುವಿನಂತೆ ಮೇಲೇರುತ್ತದೆ.

ಹಳಬರು ಒಂದೇ ದಾರಕ್ಕೆ ಮೂರು ಫ್ಲೈ ಕಟ್ಟುತ್ತಿದ್ದರು: ತುದಿಗೆ ಭಾರದ್ದು, ನಡುವೆ ಸ್ಪೈಡರ್, ಮೇಲೆ ನೀರು ಗೀಚುವಂಥದ್ದು. ಕಲಿಯುವವರಿಗೆ ಎರಡು ಸಾಕು, ಇಲ್ಲದಿದ್ದರೆ ಹೊತ್ತೆಲ್ಲ ಸಿಕ್ಕು ಬಿಡಿಸುವುದರಲ್ಲೇ ಹೋಗುತ್ತದೆ.

ಮೀನು ಕಚ್ಚಿದ್ದು ಕೆಳಮುಖದ ಎಸೆತದಲ್ಲಿ ಕೈಗೆ ಜಗ್ಗಾಗಿ ತಿಳಿಯುತ್ತದೆ. ಆಗ ಕೋಲನ್ನು ಝಾಡಿಸಬಾರದು. ಮೀನು ತಿರುಗಲು ಬಿಟ್ಟು ಮೆಲ್ಲನೆ ಬಿಗಿ ಮಾಡಿದರೆ ಗಾಳ ಬಾಯಿಯ ಮೂಲೆಗೆ ಕೂರುತ್ತದೆ. ಮೇಲ್ಮುಖದ ಎಸೆತದಲ್ಲಿ ಜಗ್ಗು ಬರುವುದೇ ಇಲ್ಲ. ದಾರದ ತುದಿ ಒಂದು ಕ್ಷಣ ನಿಲ್ಲುತ್ತದೆ, ಇಲ್ಲವೇ ನೀರಿನೊಳಗೆ ಮಂದವಾದ ಹೊಳಪೊಂದು ಹೊರಳುತ್ತದೆ. ಅಷ್ಟನ್ನು ಕಂಡ ಕೂಡಲೇ ಕೋಲು ಎತ್ತಬೇಕು.

ಮೀನಿನ ಮೇಲಿನ ಹೊಣೆ

ನೀಲಗಿರಿಯಲ್ಲಿ ಗಾಳ ಹಾಕಲು ತಮಿಳುನಾಡು ಮೀನುಗಾರಿಕೆ ಇಲಾಖೆಯ ಅನುಮತಿ ಬೇಕು. ಸಂರಕ್ಷಿತ ಅರಣ್ಯದ ತೊರೆಗಳಿಗೆ ಅರಣ್ಯ ಇಲಾಖೆಯ ನಿಯಮಗಳು ಬೇರೆ. ಟ್ರೌಟ್ ಹೊರಗಿನಿಂದ ಬಂದ ಬೇಟೆಗಾರ ಮೀನು, ಅದನ್ನು ಹೊಸ ತೊರೆಗೆ ಒಯ್ದು ಬಿಟ್ಟರೆ ಅಲ್ಲಿನ ಮೂಲ ಮೀನು, ಕಪ್ಪೆಗಳಿಗೆ ಕುತ್ತು. ಆದ್ದರಿಂದ ಒಂದು ಮರಿಯನ್ನೂ ಎಲ್ಲಿಗೂ ಸಾಗಿಸಬಾರದು.

ಗಾಳದ ಅಡ್ಡಮುಳ್ಳನ್ನು ಇಕ್ಕಳದಿಂದ ಅದುಮಿ ಮಟ್ಟ ಮಾಡಿದರೆ ಬಿಡಿಸುವಾಗ ಬಾಯಿ ಹರಿಯುವುದಿಲ್ಲ. ಬಿಟ್ಟುಬಿಡುವ ಮೀನನ್ನು ಒದ್ದೆ ಕೈಯಿಂದಲೇ ಮುಟ್ಟಬೇಕು. ಒಣ ಕೈ ಅದರ ಮೈಯ ಲೋಳೆಪದರವನ್ನು ಕಿತ್ತರೆ ಸೋಂಕು ತಗಲುತ್ತದೆ. ನೀರಿನಲ್ಲೇ ಹಿಡಿದು, ಮುಖವನ್ನು ಹರಿವಿಗೆ ಕೊಟ್ಟು, ತಾನಾಗಿ ಬಾಲ ಬೀಸಿ ಹೋಗುವ ತನಕ ಕಾಯಬೇಕು. ಪುಟ್ಟ ಥರ್ಮಾಮೀಟರ್ ಜೇಬಿನಲ್ಲಿರಲಿ: ನೀರು 20 ಡಿಗ್ರಿ ತಲುಪಿದರೆ ಅಂದಿಗೆ ಗಾಳ ಸಾಕು. ಅಷ್ಟು ಬಿಸಿಯಾದ ನೀರಿನಲ್ಲಿ ಹಿಡಿದು ಬಿಟ್ಟ ಮೀನು ಈಜಿ ಹೋದರೂ ಬದುಕುವ ಭರವಸೆಯಿಲ್ಲ.

ಬಳಸಿದ ಫ್ಲೈಗಳನ್ನು ಒದ್ದೆಯಾಗಿಯೇ ಪೆಟ್ಟಿಗೆಗೆ ಹಾಕಿದರೆ ಗಾಳ ತುಕ್ಕು ಹಿಡಿಯುತ್ತದೆ, ಗರಿ ಕೊಳೆಯುತ್ತದೆ. ರಾತ್ರಿ ಪೆಟ್ಟಿಗೆ ತೆರೆದಿಟ್ಟು ಒಣಗಿಸಬೇಕು. ಮೀನಿನ ಹಲ್ಲಿಗೆ ಸಿಕ್ಕಿ ಎಳೆ ಕಳೆದುಕೊಂಡ, ಗರಿ ಅರ್ಧವಾದ ಫ್ಲೈಯನ್ನು ಎಸೆಯದೆ ಪಕ್ಕಕ್ಕಿಡುವುದು ಒಳ್ಳೆಯದು. ಹೊಸದಕ್ಕಿಂತ ಅಂಥ ಬಡಕಲು ಫ್ಲೈಯನ್ನೇ ಟ್ರೌಟ್ ಹೆಚ್ಚು ಬಾರಿ ಹಿಡಿಯುವುದುಂಟು. ಮುಂದಿನ ಡಜನ್ ಕಟ್ಟುವಾಗ ಅದನ್ನು ಎದುರಿಗಿಟ್ಟುಕೊಂಡು, ಗರಿಯ ಸುತ್ತನ್ನು ಅದಕ್ಕೆ ಸರಿಯಾಗಿ ಕಡಿಮೆ ಮಾಡಬೇಕು.